ಡ್ರೈವರ್ ಫೋನಲ್ಲಿದ್ದ ಅಂತ ಊರಿಗೆಲ್ಲ ಗೊತ್ತು, ಕೋರ್ಟಿಗೆ ಗೊತ್ತಾಗೋದು ಹೇಗೆ?

ಮಂಡಗದ್ದೆ ದಾಟಿ ಒಳಗಡೆ ಇರೋ ಒಂದು ಊರಿಂದ ಬಂದ ಪ್ರಶ್ನೆ ಇದು. ಕೇಳಿದವ್ರ ಅಕ್ಕನ ಗಂಡ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಕಟ್ಕೊಂಡು ಟಿವಿಎಸ್‌ನಲ್ಲಿ ಮನೆಗೆ ವಾಪಸ್ ಬರ್ತಿದ್ದಾಗ ತೀರ್ಥಹಳ್ಳಿ ಕಡೆಯಿಂದ ಬಂದ ಕಾರು ತಿರುವಲ್ಲಿ ಪೂರ್ತಿ ಬಲಕ್ಕೆ ಬಂದು ಗುದ್ದಿದೆ. ಶಿವಮೊಗ್ಗಕ್ಕೆ ತರೋಷ್ಟರಲ್ಲಿ ಜೀವ ಹೋಗಿತ್ತು. ಎತ್ತೋಕೆ ಓಡಿ ಬಂದ ಇಬ್ರು ಹೇಳೋ ಪ್ರಕಾರ ಡ್ರೈವರ್ ಕಾಲ ಹತ್ರ ಬಿದ್ದಿದ್ದ ಫೋನಲ್ಲಿ ಇನ್ನೂ ಯಾರೋ "ಹಲೋ, ಹಲೋ, ಏನಾಯ್ತು" ಅಂತಿದ್ರಂತೆ. ಪೊಲೀಸ್ರು ಬಿಎನ್ಎಸ್ (ಹಳೇ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 281, ಅಂದ್ರೆ ಅಜಾಗರೂಕ ಡ್ರೈವಿಂಗ್, ಮತ್ತೆ 106(1), ಅಂದ್ರೆ ನಿರ್ಲಕ್ಷ್ಯದಿಂದ ಆದ ಸಾವು, ಹಾಕಿದಾರೆ, ಡ್ರೈವರ್ ಅವತ್ತು ಸಂಜೆನೇ ಬೇಲ್ ತಗೊಂಡು ಮನೆಗೆ ಹೋದ. ಹನ್ನೊಂದು ದಿನ ಆಗಿದೆ. ಅವರ ಕಡೆಯವ್ರು ಬಂದು ದುಡ್ಡಿನ ಮಾತಾಡಿ ಹೋಗಿದಾರೆ. ಇವರು ಕೇಳ್ತಿರೋದು ಮೂರು: ಇದು ಕೊಲೆ ಕೇಸ್ ಯಾಕಲ್ಲ, ಫೋನಲ್ಲಿದ್ದ ಅನ್ನೋದಕ್ಕೆ ಶಿಕ್ಷೆ ಜಾಸ್ತಿ ಇಲ್ವಾ, ದುಡ್ಡು ತಗೊಂಡ್ರೆ ಕೇಸ್ ಏನಾಗತ್ತೆ.

ಮೊದ್ಲು ನಿಮ್ಮ ಸಿಟ್ಟಿಗೆ ಉತ್ತರ ಹೇಳ್ತೀನಿ. ಅವತ್ತೇ ಬೇಲ್ ಸಿಕ್ಕಿದ್ದು ಪೊಲೀಸ್ರು ಒಳಗೊಳಗೇ ಏನೋ ಮಾಡ್ಕೊಂಡಿದ್ರಿಂದ ಅಂತ ಬರ್ದಿದೀರಿ, ಹಾಗೇನಿಲ್ಲ ಮಾರಾಯ್ರೆ. 106(1) ಅನ್ನೋದು ಜಾಮೀನು ಕೊಡಲೇಬೇಕಾದ ಅಪರಾಧ, ಶ್ಯೂರಿಟಿ ಕೊಟ್ರೆ ಸ್ಟೇಷನ್ನಲ್ಲೇ ಬಿಡಬೇಕು, ಇಟ್ಕೊಂಡ್ರೇ ತಪ್ಪು. ಬೇಲ್ ಸಿಕ್ತು ಅಂದ್ರೆ ಕೇಸ್ ಮುಗೀತು ಅಂತಲ್ಲ. ಹಳೇ ಐಪಿಸಿ 304ಎ ಇದ್ದಾಗ ಜಾಸ್ತಿ ಅಂದ್ರೆ ಎರಡು ವರ್ಷ, ಇಲ್ಲಾ ಬರೀ ದಂಡ ಕಟ್ಟಿ ಹೋಗೋಕೂ ದಾರಿ ಇತ್ತು. 2024ರ ಜುಲೈ 1ರಿಂದ ಆಗಿರೋ ಆಕ್ಸಿಡೆಂಟಿಗೆ ಬಿಎನ್ಎಸ್ ಅನ್ವಯ ಆಗತ್ತೆ, ಅದರಲ್ಲಿ ಐದು ವರ್ಷದವರೆಗೂ ಜೈಲು, ಜೊತೆಗೆ ದಂಡ, "ಇಲ್ಲಾ ದಂಡ" ಅನ್ನೋ ಮಾತು ಹೋಗಿದೆ. ಇದು ದೊಡ್ಡ ಬದಲಾವಣೆ, ಆದ್ರೆ ಜನರಿಗೆ ಗೊತ್ತಿರೋದು ಅದರ ಪಕ್ಕದ 106(2), ಗುದ್ದಿ ಓಡಿ ಹೋದ್ರೆ ಹತ್ತು ವರ್ಷ ಅನ್ನೋದು. ಅದಕ್ಕೇ 2024ರ ಜನವರಿಲಿ ಲಾರಿಯವ್ರು ಮುಷ್ಕರ ಮಾಡಿದ್ದು, ಆ ಒಂದು ತುಂಡನ್ನ ಬಿಟ್ಟೇ ಜುಲೈನಲ್ಲಿ ಬಿಎನ್ಎಸ್ ಜಾರಿಗೆ ತಂದಿದ್ದು. ನಿಮ್ಮ ಕೇಸಲ್ಲಂತೂ ಡ್ರೈವರ್ ಓಡಿ ಹೋಗಿಲ್ಲ, ಹಂಗಾಗಿ ಅದನ್ನ ಮರ್ತುಬಿಡಿ.

ಈಗ ಕೊಲೆ ವಿಷಯ. ಕೊಲೆಗೆ ಸಾಮಾನ್ಯವಾಗಿ ಉದ್ದೇಶ ಬೇಕು, ಅದು ಇಲ್ಲಿಲ್ಲ, ಅಲ್ಲಿಗೆ ಬಿಡಿ. ನಡುವೆ ಇನ್ನೊಂದಿದೆ, ಬಿಎನ್ಎಸ್ 105, ಹಳೇ 304. ಕೊಲ್ಲೋ ಉದ್ದೇಶ ಇಲ್ದಿದ್ರೂ "ಹಿಂಗೆ ಮಾಡಿದ್ರೆ ಯಾರಾದ್ರೂ ಸಾಯ್ತಾರೆ" ಅಂತ ತಿಳಿದೂ ಮಾಡಿದ್ರೆ ಹತ್ತು ವರ್ಷದವರೆಗೆ, ಜಾಮೀನು ಸುಲಭಕ್ಕೆ ಸಿಗಲ್ಲ, ವಿಚಾರಣೆ ಸೆಷನ್ಸ್ ಕೋರ್ಟಲ್ಲಿ. 2006ರಲ್ಲಿ ಮುಂಬೈ ಬಾಂದ್ರಾದಲ್ಲಿ ಕುಡಿದು ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವ್ರ ಮೇಲೆ ಹತ್ತಿಸಿ ಏಳು ಜನ ಸತ್ತ ಕೇಸಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಇದೇ ಸೆಕ್ಷನ್ ಎತ್ತಿಹಿಡೀತು. ಆದ್ರೂ ಅಲ್ಲಿ ಶಿಕ್ಷೆ ಎಷ್ಟು ಉಳೀತು ಗೊತ್ತಾ, ಮೂರು ವರ್ಷ. ಸೆಕ್ಷನ್ ದೊಡ್ಡದಾದ ಕೂಡ್ಲೆ ಶಿಕ್ಷೆ ದೊಡ್ಡದಾಗಲ್ಲ, ಅದಕ್ಕೇ ಇದನ್ನ ಹೇಳಿದ್ದು.

ಫೋನ್ ಒಂದೇ ಇಟ್ಕೊಂಡು 105ಕ್ಕೆ ಹೋಗಬೋದಾ? ನನ್ನ ಅಭಿಪ್ರಾಯ ಕೇಳಿದ್ರೆ, ಬರೀ ಕಾಲ್‌ನಲ್ಲಿದ್ದ ಅನ್ನೋದರ ಮೇಲೆ ಹಾಕಿಸಿದ್ರೆ ಚಾರ್ಜ್ ಹಂತದಲ್ಲೇ ಅದು ಇಳಿದು 106(1)ಕ್ಕೆ ಬಂದು ನಿಲ್ಲತ್ತೆ, ಅಷ್ಟರಲ್ಲಿ ಒಂದು ವರ್ಷ ಹೋಗಿರತ್ತೆ. ಕಾಲ್ ಜೊತೆ ಕುಡಿತ, ಇಲ್ಲಾ ಜನ ಇರೋ ಕಡೆ ವಿಪರೀತ ಸ್ಪೀಡು, ಪಕ್ಕದಲ್ಲಿ ಕೂತವ್ರು ಬೇಡ ಬೇಡ ಅಂತ ಎಚ್ಚರಿಸಿದ್ರೂ ಕೇಳದೇ ಇದ್ದಿದ್ದು, ಆಗುಂಬೆ ಘಾಟಿಲಿ ಒಂದು ಕೈಲಿ ಸ್ಟೇರಿಂಗ್ ಹಿಡ್ಕೊಂಡು ವಿಡಿಯೋ ಮಾಡ್ತಾ ಇಳಿಯೋದು, ಇಂಥದ್ದಿದ್ರೆ 105 ಕೇಳಬೋದು, ಕೇಳಬೇಕು ಕೂಡ. ನಿಮ್ಮ ಕೇಸಲ್ಲಿ ಈಗಿರೋ ಸಂಗತಿ ಅಷ್ಟಿಲ್ಲ. ಇಂಗ್ಲೆಂಡಲ್ಲಿ ಜೀವಾವಧಿ ಕೊಡ್ತಾರೆ ಅಂತ ವಾಟ್ಸಾಪ್ ಮೆಸೇಜ್ ಕಳ್ಸಿದೀರಿ, ಹೌದು, ಅಲ್ಲಿ 2022ರ ಜೂನ್‌ನಿಂದ ಅಪಾಯಕಾರಿ ಡ್ರೈವಿಂಗಿಂದ ಸಾವಾದ್ರೆ ಗರಿಷ್ಠ ಶಿಕ್ಷೆ ಜೀವಾವಧಿ, ಅದು ಅವರ ಕಾನೂನು, ನಮ್ಮ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅದರಿಂದ ಏನೂ ಆಗಲ್ಲ.

ಸೆಕ್ಷನ್ ವಿಷಯದಲ್ಲಿ ನೀವು ಮಾಡಬೇಕಾದ್ದು ಒಂದಿದೆ. ಎಫ್ಐಆರ್‌ನಲ್ಲಿ ಮೋಟಾರು ವಾಹನ ಕಾಯ್ದೆಯ 184 ಇದೆಯಾ ನೋಡಿ. 2019ರ ತಿದ್ದುಪಡಿ ಆದ್ಮೇಲೆ ಆ ಸೆಕ್ಷನ್ನಲ್ಲಿ ಅಪಾಯಕಾರಿ ಡ್ರೈವಿಂಗ್ ಅಂದ್ರೆ ಏನು ಅಂತ ಪಟ್ಟಿನೇ ಕೊಟ್ಟಿದಾರೆ, ಕೈಲಿ ಫೋನ್ ಹಿಡ್ಕೊಂಡು ಓಡಿಸೋದು ಅದರಲ್ಲಿ ಹೆಸರಿಟ್ಟೇ ಇದೆ. ಶಿಕ್ಷೆ ದೊಡ್ಡದಲ್ಲ, ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ, ಇಲ್ಲಾ 1000ದಿಂದ 5000 ರೂಪಾಯಿ ದಂಡ, ಇಲ್ಲಾ ಎರಡೂ. ಆದ್ರೆ ಆ ಸೆಕ್ಷನ್ ಒಳಗೆ ಬಂದ ಕೂಡ್ಲೆ ತನಿಖಾಧಿಕಾರಿ ಫೋನ್ ಬಗ್ಗೆ ತನಿಖೆ ಮಾಡಲೇಬೇಕಾಗತ್ತೆ, ಇಲ್ದಿದ್ರೆ "ಅತಿವೇಗ ಮತ್ತು ಅಜಾಗರೂಕತೆ" ಅನ್ನೋ ಅದೇ ಹಳೇ ಎರಡು ಪದ ಬರ್ದು ಚಾರ್ಜ್‌ಶೀಟ್ ಮುಗಿಸ್ತಾರೆ. ಆ ಎರಡು ಪದದಿಂದ ಕೇಸ್ ಗೆಲ್ಲಲ್ಲ. 1998ರಲ್ಲಿ ಕರ್ನಾಟಕ ರಾಜ್ಯ ವಿರುದ್ಧ ಸತೀಶ್ ಅನ್ನೋ ನಮ್ಮದೇ ರಾಜ್ಯದ ಲಾರಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ, "ಹೈ ಸ್ಪೀಡಲ್ಲಿ ಬಂದ" ಅಂತ ಸಾಕ್ಷಿ ಹೇಳಿದ್ರೆ ಅಷ್ಟಕ್ಕೇ ಅಜಾಗರೂಕತೆ ಸಾಬೀತಾಗಲ್ಲ, ಹೈ ಸ್ಪೀಡ್ ಅಂದ್ರೆ ಎಷ್ಟು, ಯಾವ ಜಾಗದಲ್ಲಿ, ಅದನ್ನ ತೋರಿಸಬೇಕು ಅಂತ. ಡಿಫೆನ್ಸ್ ವಕೀಲರು ಇವತ್ತಿಗೂ ಆ ತೀರ್ಪನ್ನ ಜೇಬಲ್ಲಿಟ್ಕೊಂಡೇ ಓಡಾಡ್ತಾರೆ, ನಾನೂ ಬೇರೆ ಕೇಸುಗಳಲ್ಲಿ ಓದಿದೀನಿ, ಸುಳ್ಳು ಯಾಕೆ ಹೇಳ್ಲಿ.

ಇನ್ನು ಮುಖ್ಯವಾದ್ದು. ಡ್ರೈವರ್ ಫೋನಲ್ಲಿದ್ದ ಅನ್ನೋದು ನಿಮ್ಮೂರಿಗೆಲ್ಲ ಗೊತ್ತು. ಕೋರ್ಟಿಗೆ ಬೇಕಾಗಿರೋದು ಒಂದೇ ಪ್ರಶ್ನೆಗೆ ಉತ್ತರ: ಗುದ್ದಿದ ನಿಮಿಷ ಯಾವುದು, ಆ ನಿಮಿಷದಲ್ಲಿ ಫೋನ್ ಏನು ಮಾಡ್ತಿತ್ತು.

ಸುಮಾರು ವರ್ಷದ ಹಿಂದೆ ನಾನೇ ಸೋತ ಒಂದು ಕೇಸ್ ಹೇಳ್ತೀನಿ, ಸಾಗರದ ಕಡೆ ಬಿ.ಹೆಚ್. ರೋಡಲ್ಲಿ ಆಗಿದ್ದು, ಸತ್ತವ್ರ ಕಡೆಯಿಂದ ಸರ್ಕಾರಿ ವಕೀಲರ ಜೊತೆ ನಾನಿದ್ದೆ. ಡ್ರೈವರ್ ಕಾಲ್ ರೆಕಾರ್ಡ್ ತರಿಸಿದ್ವಿ, 7 ಗಂಟೆ 9 ನಿಮಿಷಕ್ಕೆ ಕಾಲ್ ಶುರು, ನಾಲ್ಕು ನಿಮಿಷ ಮಾತಾಡಿದಾನೆ. ನಾವೆಲ್ಲ ಗೆದ್ವಿ ಅಂದ್ಕೊಂಡ್ವಿ. ಆದ್ರೆ ಎಫ್ಐಆರಲ್ಲಿ, ಮಹಜರಲ್ಲಿ, ಸಾಕ್ಷಿ ಹೇಳಿಕೇಲಿ ಎಲ್ಲ ಕಡೆ "ಸಂಜೆ ಸುಮಾರು 7 ಗಂಟೆ ಸಮಯದಲ್ಲಿ" ಅಂತಿತ್ತು. ಆ ಕಡೆ ವಕೀಲರು ಕೇಳಿದ್ದು ಒಂದೇ ಪ್ರಶ್ನೆ, ನನ್ನ ಕಕ್ಷಿದಾರ ಆಕ್ಸಿಡೆಂಟ್ ಆದ್ಮೇಲೆ ಗಾಬರಿಯಿಂದ ಅಣ್ಣನಿಗೆ ಫೋನ್ ಮಾಡಿದ ಕಾಲ್ ಇದು, ಅಲ್ಲ ಅಂತ ನೀವು ಹೇಳ್ತೀರಾ? ತನಿಖಾಧಿಕಾರಿ ಏನು ಹೇಳ್ತಾರೆ, "ನನಗೆ ಗೊತ್ತಿಲ್ಲ" ಅಂದ್ರು. "ಸುಮಾರು" ಅನ್ನೋ ಒಂದು ಪದದಲ್ಲಿ ಹೋಯ್ತು ಆ ಕೇಸ್.

ಅದಕ್ಕೇ ನಿಮ್ಮಲ್ಲಿ ಕೇಳೋದು, ಡೈರಿ ಸ್ಲಿಪ್ ಎಲ್ಲಿದೆ? ಹಾಲು ಹಾಕಿದ ತಕ್ಷಣ ಮಿಷಿನ್ನಿಂದ ಬರೋ ಆ ಸಣ್ಣ ಚೀಟಿ, ಲೀಟರು, ಫ್ಯಾಟು, ರೇಟು ಇರೋದು. ನಿಮ್ಮ ಡೈರಿ ಮಿಷಿನ್ನಲ್ಲಿ ಟೈಮೂ ಬರತ್ತಾ ನೋಡಿ, ಚೀಟಿಲಿ ಇಲ್ದಿದ್ರೂ ಕಂಪ್ಯೂಟರಲ್ಲಿ ಇರೋ ಸಾಧ್ಯತೆ ಇದೆ. ಆ ಚೀಟಿ ನಿಮ್ಮ ಭಾವ ಹಾಕ್ಕೊಂಡಿದ್ದ ಅಂಗಿ ಜೇಬಲ್ಲಿ ಇರಬೋದು, ಆಸ್ಪತ್ರೆಯಿಂದ ಬಟ್ಟೆ ಕೊಟ್ಟಿದ್ರೆ ದಯವಿಟ್ಟು ಒಗೀಬೇಡಿ. ಡೈರಿಯಿಂದ ಆ ತಿರುವಿಗೆ ಒಂದೂವರೆ ಕಿಲೋಮೀಟರ್ ಅಂತ ಬರ್ದಿದೀರಿ, ಟಿವಿಎಸ್‌ಗೆ ನಾಲ್ಕು ನಿಮಿಷದ ದಾರಿ. ಆರು ಮುಕ್ಕಾಲಿಗೆ ಹಾಲು ಹಾಕಿದ್ರೆ ಆರು ನಲವತ್ತೊಂಬತ್ತಕ್ಕೆ ಅವರು ಆ ತಿರುವಲ್ಲಿದ್ರು. ಈ ಕಡೆಯಿಂದ ಇದೊಂದು ಗೂಟ. ಆ ಕಡೆಯಿಂದ ಇನ್ನೊಂದು ಗೂಟ ಬೇಕು, 112ಕ್ಕೋ 108ಕ್ಕೋ ಮೊದಲು ಯಾರು ಕಾಲ್ ಮಾಡಿದ್ರು, ಅವರ ಫೋನಲ್ಲಿ ಎಷ್ಟೊತ್ತಿಗೆ ಅಂತ ಇದೆ, ಅದನ್ನ ಡಿಲೀಟ್ ಮಾಡೋಕೆ ಬಿಡಬೇಡಿ. ಬೆಳಗಿನ ಬಸ್ ಅಲ್ಲೇ ನಿಂತಿತ್ತು ಅಂದಿದೀರಲ್ಲ, ಕಂಡಕ್ಟರ್ ಟಿಕೆಟ್ ಮಿಷಿನ್ನಲ್ಲಿ ಹಿಂದಿನ ಸ್ಟಾಪಲ್ಲಿ ಕೊಟ್ಟ ಟಿಕೆಟಿನ ಟೈಮ್ ಇರತ್ತೆ. ಕಾರು ದಾರೀಲಿ ದಾಟಿ ಬಂದ ಪೆಟ್ರೋಲ್ ಬಂಕು, ಅಡಿಕೆ ಮಂಡಿ, ಅಂಗಡಿ ಇದ್ದಲ್ಲೆಲ್ಲ ಕ್ಯಾಮೆರಾ ಇದ್ರೆ ಇವತ್ತೇ ಹೋಗಿ ಕೇಳಿ, ಸುಮಾರು ಕ್ಯಾಮೆರಾಗಳಲ್ಲಿ ಎರಡು ಮೂರು ವಾರಕ್ಕೆ ಹಳೇದು ಅಳಿಸಿ ಹೊಸದು ಕೂರತ್ತೆ, ನಿಮಗೆ ಆಗ್ಲೇ ಹನ್ನೊಂದು ದಿನ ಆಗಿದೆ. ಹಾ, ಆ ಕ್ಯಾಮೆರಾದ ಗಡಿಯಾರ ಸರಿ ಇದೆಯಾ, ನಿಮ್ಮ ಫೋನಿನ ಟೈಮಿಗೂ ಅದಕ್ಕೂ ಎಷ್ಟು ವ್ಯತ್ಯಾಸ ಅನ್ನೋದನ್ನೂ ಅಲ್ಲೇ ಒಂದು ಫೋಟೋ ತೆಗೆದಿಟ್ಕೊಳ್ಳಿ.

ಎರಡು ಗೂಟದ ಮಧ್ಯೆ ಎರಡೋ ಮೂರೋ ನಿಮಿಷ ಉಳೀತು ಅಂದ್ರೆ ಆಗ ಕಾಲ್ ರೆಕಾರ್ಡಿಗೆ ಬೆಲೆ ಬರತ್ತೆ. ಕಾಲ್ ರೆಕಾರ್ಡ್ ನಿಮಗೆ ಕೊಡಲ್ಲ, ಪೊಲೀಸ್ರೇ ಕಂಪನಿಯಿಂದ ತರಿಸಬೇಕು, ಬಿಎಸ್ಎ (ಹೊಸ ಸಾಕ್ಷ್ಯ ಕಾಯ್ದೆ) 63ನೇ ಸೆಕ್ಷನ್ನಿನ ಸರ್ಟಿಫಿಕೇಟ್ ಜೊತೆಗೆ, ಆ ಸರ್ಟಿಫಿಕೇಟ್ ಇಲ್ದೆ ತಂದ್ರೆ ಬರೀ ಪೇಪರ್. ಇನ್ನೊಂದು ತೊಡಕು, ವಾಟ್ಸಾಪ್ ಕಾಲ್ ಆಗಿದ್ರೆ ಕಂಪನಿ ರೆಕಾರ್ಡಲ್ಲಿ ಕಾಲ್ ಅಂತ ಬರೋದೇ ಇಲ್ಲ, ಡೇಟಾ ಓಡಿದ್ದು ಮಾತ್ರ ಕಾಣತ್ತೆ. ಅದು ಸಿಗೋದು ಆ ಫೋನೊಳಗೇ. ಫೋನ್ ಜಪ್ತಿ ಮಾಡಿದಾರಾ? ಕಾರು ಜಪ್ತಿ ಮಾಡಿದ್ದು ಗೊತ್ತು ಅಂದಿದೀರಿ, ಫೋನ್ ಬಗ್ಗೆ ಏನೂ ಬರ್ದಿಲ್ಲ, ಮಾಡಿಲ್ಲ ಅಂತಲೇ ನನ್ನ ಲೆಕ್ಕ. ಇದನ್ನ ಬಾಯಲ್ಲಿ ಕೇಳಬೇಡಿ. ಒಂದು ಅರ್ಜಿ ಬರೀರಿ, ಫೋನ್ ಜಪ್ತಿ ಮಾಡಿ ಎಫ್ಎಸ್ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಿ, ಕಾಲ್ ರೆಕಾರ್ಡ್ ಮತ್ತೆ ಡೇಟಾ ರೆಕಾರ್ಡ್ ತರಿಸಿ, 184 ಸೇರಿಸಿ ಅಂತ, ಸ್ಟೇಷನ್ನಲ್ಲಿ ಸೀಲ್ ಹಾಕಿಸಿ ಒಂದು ಕಾಪಿ ಇಟ್ಕೊಳ್ಳಿ, ಇನ್ನೊಂದನ್ನ ಎಸ್‌ಪಿ ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಆಮೇಲೂ ಏನೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗೋಕೆ ಆ ಸೀಲೇ ನಿಮ್ಮ ಆಧಾರ. ಫೋನ್ ಜಪ್ತಿ ಮಾಡಿದ್ರೂ ಒಳಗೆ ಹುಡುಕೋಕೆ ಕೋರ್ಟಿನ ಅನುಮತಿ ತಗೊಳ್ಳೋದು ಒಳ್ಳೇದು, ಸ್ಮಾರ್ಟ್‌ಫೋನ್ ತಪಾಸಣೆ ಹೇಗೆ ಮಾಡಬೇಕು ಅಂತ 2021ರಲ್ಲಿ ನಮ್ಮ ಹೈಕೋರ್ಟ್ ವಿವರವಾಗಿ ಹೇಳಿದೆ, ಅವಸರದಲ್ಲಿ ಸ್ಟೇಷನ್ನಲ್ಲೇ ಲಾಕ್ ತೆಗೆಸಿ ನೋಡಿದ್ರೆ ಆಮೇಲೆ ಅದೇ ಡಿಫೆನ್ಸಿಗೆ ಅಸ್ತ್ರ ಆಗತ್ತೆ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಆ "ಹಲೋ ಹಲೋ" ಅಂದವ್ರು. ಲೈನಿನ ಆ ತುದೀಲಿ ಇದ್ದವ್ರು ಗುದ್ದಿದ ಶಬ್ದ ಕೇಳಿಸ್ಕೊಂಡಿದಾರೆ. ಅವರು ಡ್ರೈವರ್ ಕಡೆಯವ್ರೇ ಇರ್ತಾರೆ, ತಾವಾಗೇ ಬಂದು ಹೇಳಲ್ಲ, ಆದ್ರೂ ಅವರ ಹೇಳಿಕೆ ತಗೊಳ್ಳೋಕೆ ಪೊಲೀಸರಿಗೆ ಅಡ್ಡಿ ಇಲ್ಲ. ಫೋನಿಂದ ದನಿ ಬರ್ತಿದ್ದನ್ನ ಕೇಳಿದ ಇಬ್ರಿದಾರಲ್ಲ, ಅವರ ಹೇಳಿಕೆ ಪೊಲೀಸ್ರು ಬರ್ಕೊಂಡಿದ್ರಲ್ಲಿ ಈ ಮಾತು ಇದೆಯಾ ಅನ್ನೋದು ಬಹಳ ಮುಖ್ಯ, ಯಾಕಂದ್ರೆ ಹೇಳಿಕೇಲಿ ಇಲ್ದೇ ಇದ್ದಿದ್ದನ್ನ ಮೂರು ವರ್ಷ ಆದ್ಮೇಲೆ ಕೋರ್ಟಲ್ಲಿ ಮೊದಲ ಸಲ ಹೇಳಿದ್ರೆ "ಕಲಿಸಿ ಹೇಳಿಸಿದ್ದು" ಅಂತಾರೆ. ಆಗತ್ತೆ ಅಂದ್ರೆ ಬಿಎನ್ಎಸ್ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 183ರಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಅವರ ಹೇಳಿಕೆ ಮಾಡಿಸಿ ಅಂತ ಕೇಳಿ. ಊರವ್ರು ಸಾಕ್ಷಿ ಹೇಳೋಕೆ ಹಿಂಜರೀತಾರೆ, ಎತ್ತಿ ಸಹಾಯ ಮಾಡಿದವ್ರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಇದೆ, ಬಲವಂತ ಮಾಡಂಗಿಲ್ಲ, ಹಂಗಾಗಿ ಒಳ್ಳೆ ಮಾತಲ್ಲೇ ಕೇಳ್ಕೊಳ್ಳಿ.

ರೋಡೂ ಸಾಕ್ಷಿ ಹೇಳತ್ತೆ. ಗಂಟೆಗೆ 60ರಲ್ಲಿ ಹೋಗೋ ಕಾರು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗತ್ತೆ, ಮೂರು ಸೆಕೆಂಡ್ ಕಣ್ಣು ಕೆಳಗಿದ್ರೆ ಐವತ್ತು ಮೀಟರ್, ತೀರ್ಥಹಳ್ಳಿ ರೋಡಲ್ಲಿ ಕೆಲವು ಕಡೆ ಐವತ್ತು ಮೀಟರ್ ನೇರ ಸಿಗೋದೇ ಇಲ್ಲ. ತಿರುವಲ್ಲಿ ತಿರುಗದೇ ನೇರ ಹೋಗಿ ಬಲಕ್ಕೆ ಬಿದ್ದಿದಾನೆ ಅಂದ್ರೆ ರೋಡ್ ನೋಡ್ತಿರ್ಲಿಲ್ಲ ಅಂತಲೇ ಅರ್ಥ. ಗುದ್ದೋ ಮುಂಚೆ ಬ್ರೇಕ್ ಗೆರೆ ಇತ್ತಾ? ಅವತ್ತು ಮಳೆ ಇರ್ಲಿಲ್ಲ ಅಂದಿದೀರಿ, ಒಣ ರೋಡಲ್ಲಿ ಗೆರೆ ಇಲ್ಲ ಅಂದ್ರೆ ಅದೂ ಒಂದು ಮಾತು, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಇರೋ ಕಾರಲ್ಲಿ ಗೆರೆ ಸರಿಯಾಗಿ ಬೀಳಲ್ಲ ಅಂತ ಅವರು ಹೇಳ್ತಾರೆ, ಅದೂ ನಿಜವೇ. ಅವತ್ತು ಯಾರಾದ್ರೂ ಮೊಬೈಲಲ್ಲಿ ಫೋಟೋ ತೆಗ್ದಿದ್ರೆ ಒರಿಜಿನಲ್ ಫೈಲ್ ಇಟ್ಕೊಳ್ಳಿ, ವಾಟ್ಸಾಪಲ್ಲಿ ಬಂದಿದ್ದರಲ್ಲಿ ಟೈಮ್ ಇರಲ್ಲ. ಅವರು ಮಂಜು ಅಂತಾರೆ, ದನ ಅಡ್ಡ ಬಂತು ಅಂತಾರೆ, ಸ್ಟೇರಿಂಗ್ ಲಾಕ್ ಆಯ್ತು ಅಂತಾರೆ, ಸ್ಟೇರಿಂಗ್ ಮಾತಿಗೆ ಆರ್‌ಟಿಒ ಇನ್‌ಸ್ಪೆಕ್ಟರ್ ಕೊಡೋ ವಾಹನ ತಪಾಸಣೆ ರಿಪೋರ್ಟೇ ಉತ್ತರ, ಅದರ ಕಾಪಿ ತಗೊಳ್ಳಿ. ಕಾನೂನು ನೋಡೋದು ಸಾವಿಗೆ ನೇರ ಕಾರಣ ಏನು ಅಂತ, ಫೋನಲ್ಲಿದ್ದ ಅನ್ನೋದಷ್ಟೇ ಸಾಲಲ್ಲ, ಫೋನಿಂದಾನೇ ಬಲಕ್ಕೆ ಬಂದ ಅಂತ ಆಗಬೇಕು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. 106 ರಾಜಿ ಆಗೋ ಅಪರಾಧಗಳ ಪಟ್ಟೀಲಿ ಇಲ್ಲ, ನೀವು ದುಡ್ಡು ತಗೊಂಡು ಸ್ಟಾಂಪ್ ಪೇಪರಲ್ಲಿ ಬರ್ಕೊಟ್ರೂ ಕೇಸ್ ಸರ್ಕಾರದ್ದು, ನಡೀತಾನೇ ಇರತ್ತೆ. ಮತ್ತೆ ಅವರು ಎಂತಕ್ಕೆ ಕೊಡ್ತಾರೆ? ಸಾಕ್ಷಿಯವ್ರು ಕೋರ್ಟಲ್ಲಿ ಉಲ್ಟಾ ಹೊಡೀಲಿ ಅಂತ ಕೊಡ್ತಾರೆ, ಅದು ಬಿಟ್ರೆ ಬೇರೆ ಏನಕ್ಕೂ ಅಲ್ಲ. ನಿಮ್ಮ ಅಕ್ಕನಿಗೆ, ಮಕ್ಕಳಿಗೆ ಬರಬೇಕಾದ ಪರಿಹಾರ ಬೇರೆ, ಅದು ಮೋಟಾರು ಅಪಘಾತ ನ್ಯಾಯಮಂಡಳೀಲಿ, ಕಾರಿನ ಇನ್ಶೂರೆನ್ಸ್ ಕಂಪನಿಯಿಂದ, ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಅಲ್ಲಿ ಸಾಬೀತಿನ ಮಟ್ಟ ಕ್ರಿಮಿನಲ್ ಕೋರ್ಟಷ್ಟು ಬಿಗಿ ಅಲ್ಲ, ಡ್ರೈವರ್ ಖುಲಾಸೆ ಆದ್ರೂ ಪರಿಹಾರ ಸಿಗೋಕೆ ಅಡ್ಡಿ ಇಲ್ಲ. ತೋಟ ಇರೋರ ಕೇಸಲ್ಲಿ ಇನ್ಶೂರೆನ್ಸ್‌ನವ್ರು ಒಂದು ಮಾತು ತಪ್ಪದೇ ಹೇಳ್ತಾರೆ, ಮನುಷ್ಯ ಹೋದ್ರೂ ತೋಟ ಅಲ್ಲೇ ಇದೆಯಲ್ಲ, ಆದಾಯ ಎಲ್ಲಿ ಹೋಯ್ತು ಅಂತ. ಅದಕ್ಕೆ ಉತ್ತರನೂ ಅದೇ ಡೈರಿ ಲೆಕ್ಕ, ಹಾಲು ಕರೆಯೋ ಕೈ ನಿಂತ ತಿಂಗಳಿಂದ ಬಿಲ್ ಎಷ್ಟು ಇಳೀತು ಅಂತ ತೋರಿಸಬೋದು. ಎರಡು ವರ್ಷದ್ದು ಡೈರಿಯಿಂದ ಬರೆಸ್ಕೊಂಡು ಬನ್ನಿ.

ಶಿಕ್ಷೆ ಆಗತ್ತಾ ಅಂದ್ರೆ, ಸಾಬೀತಾದ್ರೆ ಈಗಿನ ಕೋರ್ಟುಗಳು ಹಗುರವಾಗಿ ಬಿಡೋದು ಕಮ್ಮಿ. 2000ದಲ್ಲೇ ಹರಿಯಾಣದಲ್ಲಿ ಬಸ್ಸು ಸೈಕಲ್ ಸವಾರನಿಗೆ ಗುದ್ದಿದ ಕೇಸಲ್ಲಿ ಸುಪ್ರೀಂ ಕೋರ್ಟ್ ಇಂಥ ಡ್ರೈವರ್‌ಗಳಿಗೆ ಪ್ರೊಬೇಷನ್ ಮೇಲೆ, ಅಂದ್ರೆ ಜೈಲಿಗೆ ಕಳಿಸದೇ ಒಳ್ಳೆ ನಡತೆಯ ಬಾಂಡ್ ಬರೆಸ್ಕೊಂಡು, ಬಿಡೋ ಯೋಚನೆ ಮಾಡಬಾರದು ಅಂತ ಹೇಳಿತ್ತು. ಐದು ವರ್ಷ ಪೂರ್ತಿ ಸಿಗತ್ತೆ ಅಂತ ನಿಮ್ಮ ಅಕ್ಕನಿಗೆ ಹೇಳಬೇಡಿ, ಮೊದಲ ಅಪರಾಧಕ್ಕೆ ಅಷ್ಟು ಕೊಡೋದು ಅಪರೂಪ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸ್ರು ನಿಮಗೆ ತಿಳಿಸಬೇಕು, ಬಿಎನ್ಎಸ್ಎಸ್ 193ರಲ್ಲಿ ಇದೆ, ಆ ದಿನ ಕ್ಯಾಲೆಂಡರಲ್ಲಿ ಗುರುತು ಮಾಡ್ಕೊಳ್ಳಿ. ಸರ್ಕಾರಿ ವಕೀಲರಿಗೆ ಸಹಾಯಕ್ಕೆ ಅಂತ ನಿಮ್ಮದೇ ವಕೀಲರನ್ನ ಇಟ್ಕೊಳ್ಳೋಕೂ ಕೋರ್ಟ್ ಬಿಡತ್ತೆ.

ಇನ್ನೊಂದು, ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಿಮ್ಮ ಭಾವನ ಫೋನ್ ಈಗ ಯಾರ ಹತ್ರ ಇದೆ? ಆ ಕಡೆಯವ್ರು ಮೊದಲು ಹೇಳೋದೇ "ಟಿವಿಎಸ್‌ನವ್ನೇ ಫೋನಲ್ಲಿದ್ದ" ಅಂತ. ಮಕ್ಕಳಿಗೆ ಆಟಕ್ಕೆ ಕೊಟ್ಟಿದ್ರೆ ಇವತ್ತೇ ಇಸ್ಕೊಳ್ಳಿ, ಸಿಮ್ ತೆಗೀಬೇಡಿ, ಏನೂ ಅಳಿಸಬೇಡಿ, ಸ್ವಿಚ್ ಆಫ್ ಮಾಡಿ ಒಂದು ಕವರಲ್ಲಿ ಹಾಕಿ, ಮೇಲೆ ಇವತ್ತಿನ ತಾರೀಕು ಬರ್ದು ಬೀರುವಲ್ಲಿಡಿ.